ಐದು ಗುಳಿಯ ಹಿಡಿ

ಲೋಕದ ಎಲ್ಲ ಕಷ್ಟಗಳಿಗೂ ಹಿಡಿಯೇ ಕಾರಣ ಎಂಬ ಜ್ಞಾನೋದಯ ತ್ರ್ಯಂಬಕನಿಗೆ ಆದದ್ದು ಅವನ ಅಳಿಯ ಹೊಸ ಫೋನು ಕೊಡಿಸಿದ ಮೇಲೆ. ಅದಕ್ಕೆ ಮೊದಲು ಅವನು ನಮ್ಮ ನಿಮ್ಮ ಹಾಗೆ ಸಾಧಾರಣ ಮನುಷ್ಯ. ಹರಿಹರಪುರದಲ್ಲಿ ಮನೆ, ಮನೆಯ ಹಿಂದೆ ಸಣ್ಣ ನರ್ಸರಿ, ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟಿ ಗಿಡ ಮಾರುವುದು ಕಸುಬು. ಫೋನಿನಲ್ಲಿ ಯಾವನೋ ಪರದೇಶದವನು ಮಡಚುವ ಚಾಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಹಿಡಿ ಹೇಗಿರಬೇಕು, ಬೆರಳು ಎಲ್ಲಿ ಕೂರಬೇಕು, ಹೆಬ್ಬೆರಳು ಎಲ್ಲಿ ಒರಗಬೇಕು ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದ. ಅವನ ಭಾಷೆ ತ್ರ್ಯಂಬಕನಿಗೆ ತಿಳಿಯುತ್ತಿರಲಿಲ್ಲ. ತಿಳಿಯದ್ದರಿಂದ ನಂಬಿಕೆ ಪೂರ್ತಿ ಬಂತು.

ಅಲ್ಲಿಂದ ಮುಂದೆ ಅವನು ಯಾರ ಮನೆಗೆ ಹೋದರೂ ಕೊಡೆಯ ಹಿಡಿ, ಬಾಗಿಲ ಹಿಡಿ, ಸೌಟಿನ ಹಿಡಿ ಎಲ್ಲವನ್ನೂ ಮುಟ್ಟಿ ನೋಡಿ ನಿಟ್ಟುಸಿರು ಬಿಡತೊಡಗಿದ. ಒಗ್ಗರಣೆ ಸೌಟನ್ನು ಹಿಡಿಯುವ ಕ್ರಮ ತಪ್ಪು ಎಂದು ಹೆಂಡತಿ ತ್ರಿಪುರಸುಂದರಿಗೂ ಹೇಳಿದ. ಆಮೇಲೆ ಆ ಸೌಟು ಏನು ಮಾಡಿತು ಎಂಬುದು ಅವರ ಮನೆಯ ವಿಚಾರ, ನಾನು ಬರೆಯುವುದಿಲ್ಲ.

ನಾನು ಸುದರ್ಶನ, ಅವನ ಶಾಲೆಯ ಕಾಲದ ಗೆಳೆಯ. ಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನಾನು ಬಿ.ಎಸ್ಸಿ. ಓದಿದವನು, ಭೂತ ಪ್ರೇತಗಳಲ್ಲಿ ನಂಬಿಕೆ ಇಲ್ಲದವನು. ಮುಂದಿನದನ್ನು ಓದುವಾಗ ದಯವಿಟ್ಟು ಇದು ನೆನಪಿನಲ್ಲಿರಲಿ. ನಾನೂ ಆಗಾಗ ನೆನಪಿಸಿಕೊಳ್ಳುತ್ತಿರುತ್ತೇನೆ.

ತ್ರ್ಯಂಬಕನ ಚಿಂತೆಯಲ್ಲಿ ನಿಜವಾದದ್ದೂ ಒಂದಿತ್ತು. ಅವನಿಗೆ ಕಸಿ ಕಲಿಸಿದವರು ನೆಮ್ಮಾರಿನ ಯಜ್ಞೇಶ ಭಟ್ಟರು. ಅವರ ಮನೆಯ ಕೆಳಗೆ ತುಂಗೆಯ ದಡದಲ್ಲಿ ಒಂದು ಮುದಿ ಅಪ್ಪೆಮರ ಇತ್ತು. ಅದರ ಮಿಡಿಯ ಪರಿಮಳ ಇನ್ನೊಂದು ಮರಕ್ಕಿಲ್ಲ, ಉಪ್ಪಿಗೆ ಹಾಕಿದರೆ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುತ್ತದೆ ಎಂದು ಇಡೀ ಸೀಮೆ ಒಪ್ಪಿಕೊಂಡಿತ್ತು. ಹೋದ ವರ್ಷ ಭಟ್ಟರು ತೀರಿಕೊಂಡರು. ಈ ವರ್ಷ ರಸ್ತೆ ಅಗಲ ಮಾಡುವವರು ಬಂದು ಮರಕ್ಕೆ ಕೆಂಪು ಬಣ್ಣ ಬಳಿದು ಹೋದರು. ಕಡಿಯುವ ಮೊದಲು ಅದರ ಕಡ್ಡಿ ತೆಗೆದು ಬೇರೆ ಸಸಿಗೆ ಕಸಿ ಕಟ್ಟಿದರೆ ಆ ಜಾತಿ ಉಳಿಯುತ್ತದೆ, ಇಲ್ಲದಿದ್ದರೆ ಮರದೊಂದಿಗೇ ಮುಗಿಯಿತು. ಉಳಿಸುವುದು ತನ್ನ ಹೊಣೆ ಎಂದು ತ್ರ್ಯಂಬಕ ಊರೆಲ್ಲ ಹೇಳಿಕೊಂಡು ಬಂದಿದ್ದ.

ಆದರೆ ಭಟ್ಟರು ಹೋದ ಮೇಲೆ ಅವನು ಕಟ್ಟಿದ ಕಸಿ ಒಂದೂ ಹತ್ತುತ್ತಿರಲಿಲ್ಲ. ಭಟ್ಟರು ಕಟ್ಟಿದ್ದು ಒಂದೂ ಸತ್ತದ್ದಿಲ್ಲ. ಚಾಕು ಮಾತ್ರ ಅದೇ. ಭಟ್ಟರು ಹಾಸಿಗೆ ಹಿಡಿದಿದ್ದಾಗ ತಮ್ಮ ಮಡಚುವ ಕಸಿ ಚಾಕುವನ್ನು ನೆಲಕ್ಕಿಟ್ಟು "ತಗೊ" ಅಂದಿದ್ದರಂತೆ, ಇವನು ಎತ್ತಿಕೊಂಡಿದ್ದನಂತೆ. ನಮ್ಮಲ್ಲಿ ಚಾಕು, ಕತ್ತಿಗಳನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಬರುತ್ತದೆ ಎನ್ನುತ್ತಾರೆ. ಕೊಡುವವರು ನೆಲದ ಮೇಲಿಡಬೇಕು, ಪಡೆಯುವವರು ಬಗ್ಗಿ ಎತ್ತಿಕೊಳ್ಳಬೇಕು.

"ಚಾಕುದ್ದು ಎಂತ ತಪ್ಪಿಲ್ಲ ಮಾರಾಯ, ಎಲ್ಲಾ ಹಿಡೀದೇ" ಎಂದು ತ್ರ್ಯಂಬಕ ಒಂದು ದಿನ ನನ್ನ ಅಂಗಡಿಗೆ ಬಂದು ಘೋಷಿಸಿದ. ಬೀಟೆ ಮರದ ಆ ಹಳೆಯ ಹಿಡಿ ಉದ್ದಕ್ಕಿತ್ತು, ಸವೆದು ನುಣ್ಣಗಾಗಿತ್ತು. "ಗುರುಗಳ ಕೈಯೇ ಬೇರೆ ಥರ. ಇದು ನನ್ನ ಕೈಲಿ ಕೂರೂದಿಲ್ಲ, ತಿರುಗ್ತದೆ. ಒಳಗಿಂದ ಯಾರೋ ತಿರುಗಿಸ್ದ ಹಾಗೆ. ನನ್ನ ಕೈ ಅಳತೆಗೆ ಬೇರೆ ಹಿಡಿ ಮಾಡಿಸ್ತೇನೆ."

ಅಳತೆ ತೆಗೆಯುವ ವಿದ್ಯೆಯೂ ಫೋನಿನಿಂದಲೇ ಬಂದಿತ್ತು. ಗಣಪತಿ ಮಾಡುವ ಜೇಡಿಮಣ್ಣನ್ನು ತಂದು ಕಲಸಿ, ಉದ್ದಕ್ಕೆ ಉಂಡೆ ಮಾಡಿ, ಚಾಕು ಹಿಡಿದ ಹಾಗೆ ಬಲಗೈಯಲ್ಲಿ ಒಮ್ಮೆ ಒತ್ತಿ ಹಿಡಿದ. ಬೆರಳುಗಳ ಗುಳಿ ಮೂಡಿತು. ಅದನ್ನು ಜಗಲಿಯ ಮೂಲೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಇಟ್ಟು, ಮರುದಿನ ಬಾಳೆಎಲೆಯಲ್ಲಿ ಸುತ್ತಿ, ಚಾಕುವಿನ ಜೊತೆಗೆ ನರಸಿಂಹರಾಜಪುರದ ಬಸ್ಸು ಹತ್ತಿದ. ಅಲ್ಲಿ ಕುಮಾರ ಎಂಬ ಬಡಗಿ ಇದ್ದಾನೆ. ಮಾತು ಕಡಿಮೆ, ಕೆಲಸ ಅದಕ್ಕಿಂತ ಕಡಿಮೆ. ಅಂಥವನು ಅಷ್ಟು ಬೇಗ ಹಿಡಿ ಮುಗಿಸಿಕೊಟ್ಟದ್ದೇ ಈ ಕಥೆಯ ಮೊದಲ ಪವಾಡ.

ಹೊಸ ಹಿಡಿ ಬಂದ ದಿನ ತ್ರ್ಯಂಬಕ ಬಸ್ಸಿನಿಂದ ಇಳಿದವನೇ ನನ್ನನ್ನು ಕರೆದುಕೊಂಡು ಪಕ್ಕದ ಪುಟ್ಟಪ್ಪನ ಹೋಟೆಲಿಗೆ ಹೋದ. ಪೊಟ್ಟಣ ಬಿಚ್ಚಿದ. ಹಲಸಿನ ಮರದ ಹಿಡಿ, ಹಳದಿ ಬಣ್ಣ, ಗುಂಡಗೆ ಚೆನ್ನಾಗಿ ಉಜ್ಜಿದ್ದು. ಒಳಗಡೆಗೆ ಬೆರಳು ಕೂರುವ ಗುಳಿಗಳು. ತ್ರ್ಯಂಬಕ ಅದನ್ನು ಬಲಗೈಯಲ್ಲಿ ಹಿಡಿದ. ಅವನ ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು.

ನಾನು ಗುಳಿಗಳನ್ನು ಎಣಿಸಿದೆ. ಹೆಬ್ಬೆರಳು ಮೇಲೆ ಒರಗುತ್ತದೆ, ಅದಕ್ಕೆ ಗುಳಿ ಇಲ್ಲ. ಉಳಿದದ್ದು ನಾಲ್ಕು ಬೆರಳು. ಗುಳಿ ಮಾತ್ರ ಐದು.

"ಕುಮಾರ ಲೆಕ್ಕದಲ್ಲಿ ಹಿಂದೆ" ಎಂದೆ ನಾನು.

ಅಲ್ಲಿಂದಲೇ ಫೋನು ಮಾಡಿದೆವು. ಕುಮಾರನಿಗೆ ಸಿಟ್ಟು ಬಂತು. "ನಿಮ್ಮ ಮಣ್ಣಲ್ಲಿ ಐದು ಇತ್ತು, ಐದು ಕೆತ್ತಿದೆ. ಆರಿದ್ರೆ ಆರು ಕೆತ್ತುತಿದ್ದೆ. ಮಣ್ಣೂ ಪೊಟ್ಟಣದಲ್ಲೇ ಇದೆ, ನೀವೇ ನೋಡ್ಕಳಿ" ಎಂದು ಇಟ್ಟುಬಿಟ್ಟ.

ಪೊಟ್ಟಣದ ತಳದಲ್ಲಿ ಮಣ್ಣಿನ ಉಂಡೆ ಒಣಗಿ ಗಟ್ಟಿಯಾಗಿ ಕೂತಿತ್ತು. ಅದರಲ್ಲೂ ಐದೇ. ಕೊನೆಯ ಗುಳಿ ಸ್ವಲ್ಪ ಸಣ್ಣದು, ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಕಿರುಬೆರಳು ಒತ್ತಿದ ಹಾಗೆ. ಆ ಗುಳಿಯೊಳಗೆ ಬೆಳ್ಳಗೆ ಏನೋ ಅಂಟಿತ್ತು. ಪುಟ್ಟಪ್ಪ ಚಾದ ಲೋಟ ಇಟ್ಟವನು ಬಗ್ಗಿ ಬೆರಳಿನಿಂದ ಉಜ್ಜಿ, ಮೂಸಿ ನೋಡಿದ.

"ಸುಣ್ಣ" ಎಂದ. "ಎಲೆಅಡಿಕೆ ಸುಣ್ಣ."

ಆಮೇಲೆ ಪುಟ್ಟಪ್ಪನೇ ಮೆಲ್ಲಗೆ ಕೇಳಿದ: "ತ್ರ್ಯಂಬಕಣ್ಣ, ನೆಮ್ಮಾರಿನ ಯಜ್ಞೇಶ ಭಟ್ರಿಗೆ ಬಲಗೈಲಿ ಆರು ಬೆರಳಲ್ವನಾ? ಇಲ್ಲೇ ಈ ಬೆಂಚಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತಿದ್ರು. ಆ ಆರನೇ ಬೆರಳಲ್ಲೇ ಹಚ್ಚುತಿದ್ರು."

ಆ ಬೆಂಚಿನ ಮೇಲೆ ನಾನೇ ಕೂತಿದ್ದೆ. ಎದ್ದು ನಿಂತೆ. ಹೆದರಿಕೆಯಿಂದಲ್ಲ, ಹೊತ್ತಾಗಿತ್ತು.

ವಿಜ್ಞಾನಕ್ಕೆ ಇದೆಲ್ಲ ದೊಡ್ಡ ವಿಷಯವಲ್ಲ. ಕೊಪ್ಪದಿಂದ ಆಚೆಯ ರಸ್ತೆಯಲ್ಲಿ ಡ್ರೈವರ್ ಬ್ರೇಕ್ ಹಾಕಿದಾಗ ಇವನು ಪೊಟ್ಟಣವನ್ನು ಅಪ್ಪಿ ಹಿಡಿದಿರುತ್ತಾನೆ, ಅಲ್ಲಿ ಒಂದು ಗುಳಿ ಹೆಚ್ಚು ಬಿದ್ದಿರುತ್ತದೆ. ಬಿಳಿಯದು ಬಡಗಿಯ ಚಾಕ್‌ಪೀಸಿನ ಪುಡಿ. ಇದನ್ನು ನಾನು ತ್ರ್ಯಂಬಕನಿಗೆ ವಿವರವಾಗಿ ಹೇಳಿದೆ. ಮಣ್ಣಿನ ಉಂಡೆಯನ್ನು ಮನೆಗೆ ಒಯ್ಯಲು ಅವನು ಒಪ್ಪಲಿಲ್ಲ. ನಾನೇ ಅಂಗಡಿಗೆ ತಂದು, ಫ್ಯಾನಿಗೆ ಹಾಳೆಗಳು ಹಾರದ ಹಾಗೆ ಮೇಜಿನ ಮೇಲೆ ಭಾರಕ್ಕಿಟ್ಟೆ.

ಮರುದಿನ ಬೆಳಿಗ್ಗೆ ತ್ರಿಪುರಸುಂದರಿ ದೇವರ ಕೋಣೆಯ ಮುಂದೆ ರಂಗೋಲಿ ಹಾಕಲು ಬಂದರೆ ಚಾಕು ನೆಲದ ಮೇಲಿತ್ತು. ರಾತ್ರಿ ಅದನ್ನು ಕಪಾಟಿನ ಮೇಲೆ ಇಟ್ಟಿದ್ದರು. ಎತ್ತಿ ಮತ್ತೆ ಮೇಲಿಟ್ಟರು. ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ಕೋಣೆಯಲ್ಲಿ ಟಕ್ ಎಂದಿತು. ಹೋಗಿ ನೋಡಿದರೆ ಮತ್ತೆ ನೆಲದ ಮೇಲೆ, ಮಡಚಿಕೊಂಡು ತಣ್ಣಗೆ ಮಲಗಿತ್ತು.

"ಹಿಡಿ ಗುಂಡಗಿದೆ, ಉರುಳಿ ಬೀಳ್ತದೆ" ಎಂದೆ ನಾನು ಫೋನಿನಲ್ಲಿ. "ಒಂದು ಪಕ್ಕ ಚಪ್ಪಟೆ ಇದ್ದಿದ್ರೆ ಬೀಳ್ತಿರಲಿಲ್ಲ."

"ನೀವು ಅಲ್ಲಿ ಕೂತ್ಕೊಂಡು ಹೇಳಿ" ಎಂದರು ತ್ರಿಪುರಸುಂದರಿ. "ನಾನು ಈಗ ಡಬ್ಬಿ ಒಳಗೆ ಹಾಕಿ ಮುಚ್ಚಳ ಬಿಗಿ ಮಾಡಿ ಇಟ್ಟಿದ್ದೇನೆ."

ಸಂಜೆಗೆ ಡಬ್ಬಿಯೇ ನೆಲಕ್ಕೆ ಬಿದ್ದು, ಮುಚ್ಚಳ ಒಂದು ಕಡೆ, ಚಾಕು ಒಂದು ಕಡೆ ಆಗಿತ್ತು. ಬೆಕ್ಕು ಎಂದು ಹೇಳೋಣವೆಂದರೆ ಅವರ ಮನೆಯಲ್ಲಿ ಬೆಕ್ಕಿರಲಿಲ್ಲ. ಪಕ್ಕದ ಮನೆಯ ಬೆಕ್ಕು ಎಂದೆ.

ಪಕ್ಕದ ಮನೆಯಿಂದ ಬಂದದ್ದು ಬೆಕ್ಕಲ್ಲ, ಶಾಂತಕ್ಕ. ಊರಿನ ಶಾಸ್ತ್ರ ಸಂಪ್ರದಾಯಗಳ ಬಗ್ಗೆ ಕೊನೆಯ ಮಾತು ಅವರದ್ದೇ. ನೆಲದ ಮೇಲಿದ್ದ ಚಾಕುವನ್ನು ಮುಟ್ಟದೆ ಸುತ್ತ ಬಂದು ನೋಡಿ, ಅಡುಗೆಮನೆಯ ಮಣೆ ಹಾಕಿಕೊಂಡು ಕೂತರು.

"ಇದು ಬೀಳ್ತಾ ಇರೂದಲ್ಲ ಸುಂದರಿ" ಎಂದರು. "ಚಾಕು ನೆಲದ ಮೇಲೆ ಇಟ್ಟಿದ್ದಾರೆ ಅಂದ್ರೆ ಎಂತ ಅರ್ಥ? ಕೊಡ್ತಾ ಇದ್ದಾರೆ ಅಂತ. ಯಾರೋ ಯಾರಿಗೋ ಕೊಡ್ತಾ ಇದ್ದಾರೆ. ತಗೊಳ್ಳುವವರು ಬರೂವರೆಗೆ ಇಡ್ತಾನೇ ಇರ್ತಾರೆ."

"ನಾನು ತಗೊಂಡಿದ್ದೇನಲ್ಲ ಶಾಂತಕ್ಕ" ಎಂದ ತ್ರ್ಯಂಬಕ. ಅವನ ದನಿ ಸಣ್ಣಗಿತ್ತು.

"ನೀನು ತಗೊಂಡದ್ದು ಅವರಿಗೆ ಸರಿ ಕಂಡಿದ್ರೆ ಮತ್ತೆ ಎಂತಕ್ಕೆ ಇಡ್ತಾರೆ?"

ಈ ಪ್ರಶ್ನೆ ಬಿ.ಎಸ್ಸಿ. ಸಿಲಬಸ್ಸಿನಲ್ಲಿ ಇರಲಿಲ್ಲ. ಹಿಡಿ ಯಾರ ಕೈಗೆ ಸರಿಯಾಗಿ ಕೂರುತ್ತದೋ ಅವರದ್ದೇ ಚಾಕು ಎಂದು ಶಾಂತಕ್ಕ ತೀರ್ಪು ಕೊಟ್ಟರು. ಸುದ್ದಿ ಕಮ್ಮರಡಿಯವರೆಗೆ ಹೋಯಿತು. ಎರಡೇ ದಿನದಲ್ಲಿ ತ್ರ್ಯಂಬಕನ ಜಗಲಿ ತುಂಬಿತು. ಸತ್ತವರು ಕೊಡುವ ವಸ್ತು ಎಂದರೆ ಎಲ್ಲರಿಗೂ ಹೆದರಿಕೆ, ಆದರೂ ಒಂದು ಕೈ ನೋಡಿಬಿಡೋಣ ಎಂಬ ಆಸೆ. ಬಂದವರು ನೆಲದಿಂದ ಚಾಕು ಎತ್ತುವುದು, ಹಿಡಿಯುವುದು, ಮೈ ಜುಂ ಎಂದು ತಿರುಗಿ ನೆಲದ ಮೇಲೆ ಇಟ್ಟು ಕೈ ತೊಳೆಯುವುದು. ದಪ್ಪ ಕೈಯವರಿಗೆ ಸಣ್ಣದಾಯಿತು, ಸಣ್ಣ ಕೈಯವರಿಗೆ ಜಾರಿತು. ತ್ರಿಪುರಸುಂದರಿ ಎಲ್ಲರಿಗೂ ಕಾಫಿ ಕೊಟ್ಟು ಕೊಟ್ಟು, ಭಟ್ಟರ ಆತ್ಮಕ್ಕಿಂತ ಮೊದಲು ತನಗೆ ಶಾಂತಿ ಬೇಕು ಎಂದರು.

ಮೂರನೆಯ ದಿನ ಪೊಲೀಸ್ ಯಶವಂತ ಬಂದ. ಹರಿಹರಪುರದ ಒಂದು ಮನೆಯಲ್ಲಿ ಚಾಕು ಇಟ್ಟುಕೊಂಡು ಜನ ಸೇರಿಸುತ್ತಿದ್ದಾರೆ ಎಂದು ಯಾರೋ ಠಾಣೆಗೆ ಹೇಳಿದ್ದರು.

"ಎಲ್ಲಿದೆ, ತನ್ನಿ" ಎಂದ.

ತ್ರ್ಯಂಬಕ ಚಾಕು ತಂದು ಬಹಳ ಮರ್ಯಾದೆಯಿಂದ ಅವನ ಬೂಟಿನ ಮುಂದೆ ನೆಲದ ಮೇಲೆ ಇಟ್ಟ.

"ಎಂತ ಮಾರಾಯ್ರೆ, ಕೈಗೆ ಕೊಡಿ. ನಾನು ಬಗ್ಗಿ ತಗೊಳ್ಬೇಕಾ? ಡ್ಯೂಟಿ ಮೇಲಿದ್ದೇನೆ."

"ಕೈಗೆ ಕೊಟ್ರೆ ನಮ್ಮಿಬ್ಬರಿಗೂ ಜಗಳ ಆಗ್ತದೆ ಸಾರ್."

"ಕೊಡದಿದ್ರೆ ಈಗಲೇ ಆಗ್ತದೆ."

ಕೊನೆಗೆ ಕಾನೂನೇ ಬಗ್ಗಿತು. ಯಶವಂತ ಎತ್ತಿಕೊಂಡು ಅಲಗು ಬಿಡಿಸಿದ. ಬೆರಳುಗಳನ್ನು ಗುಳಿಗಳಲ್ಲಿ ಕೂರಿಸಿದ. ಹಾಗೆಯೇ ನಿಂತುಬಿಟ್ಟ. ಜಗಲಿಯಲ್ಲಿದ್ದವರೆಲ್ಲ ಅವನ ಕೈಯನ್ನೇ ನೋಡುತ್ತಿದ್ದರು. ಹಿತ್ತಲಿನ ಕೋಳಿಗಳು ಇದ್ದಕ್ಕಿದ್ದಂತೆ ಸುಮ್ಮನಾದವು.

"ಯಾರೂ ಎಳೀಲಿಲ್ಲ ಅಲ್ಲ?" ಎಂದ ಯಶವಂತ.

ಯಾರೂ ಅವನ ಹತ್ತಿರವೂ ಇರಲಿಲ್ಲ.

"ಬೆರಳು ಬಿಡಿಸಿದ ಹಾಗಾಯ್ತು. ಒಂದೊಂದೇ, ಸಮಾಧಾನದಲ್ಲಿ." ಅವನು ಚಾಕು ಮಡಚಿ, ಬಗ್ಗಿ, ಎರಡೂ ಕೈಯಿಂದ ನೆಲದ ಮೇಲಿಟ್ಟ. "ಅಲಗು ಸಣ್ಣದಿದೆ. ಕೇಸಾಗೂದಿಲ್ಲ. ಜನ ಸೇರಿಸ್ಬೇಡಿ" ಎಂದವನು ಕಾಫಿ ಕುಡಿಯದೆ ಹೋದ. ಹಲಸಿನ ಹೊಸ ಹಿಡಿ ನುಣುಪಿರುತ್ತದೆ, ಬೆವರಿದ ಕೈ ಜಾರುತ್ತದೆ ಎಂದು ನಾನು ಉಳಿದವರಿಗೆ ತಿಳಿಸಿ ಹೇಳಿದೆ. ಉಳಿದವರೂ ಆಗಲೇ ಹೊರಟಿದ್ದರು.

ಸೋಮವಾರ ಮರ ಕಡಿಯುತ್ತಾರೆ ಎಂದು ಗೊತ್ತಾಯಿತು. ಭಾನುವಾರ ನಾನು ಅಂಗಡಿ ಮುಚ್ಚಿ ತ್ರ್ಯಂಬಕನ ಜೊತೆ ನೆಮ್ಮಾರಿಗೆ ಹೊರಟೆ. ಬಾಡಿಗೆ ಜೀಪಿನ ಹಿಂದೆ ಕಸಿ ಕಟ್ಟುವ ಸಸಿಗಳ ಪ್ಲಾಸ್ಟಿಕ್ ತೊಟ್ಟೆಗಳು, ಮುಂದೆ ನಾವು. ಚಾಕು ಅವನ ಜೇಬಿನಲ್ಲಿತ್ತು. ಶೃಂಗೇರಿ ದಾಟುವವರೆಗೆ ಅವನು ರಸ್ತೆಯಲ್ಲಿ ಕಂಡ ಯಾವ ಹಿಡಿಯನ್ನೂ ಟೀಕಿಸಲಿಲ್ಲ. ನನಗೆ ಅವನನ್ನು ನೋಡಿ ನಿಜವಾಗಿಯೂ ಕನಿಕರವಾಯಿತು.

ಭಟ್ಟರ ಮೊಮ್ಮಗಳು ಅಪೂರ್ವಾ ಮನೆಯಲ್ಲಿದ್ದಳು. ಶೃಂಗೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್, ನೇರ ಮಾತಿನ ಹೆಣ್ಣು. ನಮ್ಮನ್ನು ಕರೆದುಕೊಂಡು ಹೊಳೆಯ ಕಡೆಗೆ ಇಳಿದಳು.

ನಡುಮಧ್ಯಾಹ್ನ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಆದರೂ ಮರದ ಬುಡದಲ್ಲಿ ತಂಪು ಕೊರೆಯುತ್ತಿತ್ತು. ಬರುವ ದಾರಿಯುದ್ದಕ್ಕೂ ಕಿವಿ ತುಂಬುತ್ತಿದ್ದ ಜೀರುಂಡೆಗಳ ಸದ್ದು ಮರದ ಕೆಳಗೆ ಕಾಲಿಡುತ್ತಲೇ ನಿಂತಿತು. ಹೊಳೆ ಕೂಡ ಸದ್ದಿಲ್ಲದೆ ಹರಿಯುತ್ತಿತ್ತು. ಎಲ್ಲಿಂದಲೋ ಎಲೆಅಡಿಕೆಯ ವಾಸನೆ ತೇಲಿ ಬಂತು. ನಮ್ಮ ಮೂವರಲ್ಲಿ ಎಲೆ ಹಾಕುವವರು ಯಾರೂ ಇರಲಿಲ್ಲ.

ತ್ರ್ಯಂಬಕ ಕೈಗೆಟುಕುವ ಕೊಂಬೆ ಬಗ್ಗಿಸಿ, ಚಾಕು ಬಿಡಿಸಿ, ಕಡ್ಡಿಗೆ ಅಲಗು ಇಟ್ಟ. ಹಿಡಿ ಅವನ ಕೈಯಲ್ಲಿ ತಿರುಗಿತು. ಗಟ್ಟಿಯಾಗಿ ಹಿಡಿದ, ಮತ್ತೆ ತಿರುಗಿತು. ಅಲಗು ಕಡ್ಡಿಯ ಸಿಪ್ಪೆಯನ್ನಷ್ಟೇ ತರಚಿತು. ಮೂರನೆಯ ಸಲ ಚಾಕು ಕೈಯಿಂದಲೇ ಜಾರಿತು. ಜಾರುವಾಗ ಅಲಗು ಟಕ್ ಎಂದು ಮಡಚಿಕೊಂಡಿತು. ಇಳಿಜಾರಿನಲ್ಲಿ ಬಿದ್ದದ್ದು ಕೆಳಗೆ ಹೊಳೆಯ ಕಡೆಗೆ ಹೋಗಬೇಕಿತ್ತು. ಅದು ಅಡ್ಡಕ್ಕೆ ಉರುಳಿಕೊಂಡು ಹೋಗಿ ಅಪೂರ್ವಾಳ ಪಾದದ ಮುಂದೆ ನಿಂತಿತು.

ಗುಂಡಗಿನ ಹಿಡಿ ಎನ್ನಲು ನಾನು ಬಾಯಿ ತೆರೆದೆ. ಆಕಳಿಸಿ ಮುಚ್ಚಿದೆ.

ಅಪೂರ್ವಾ ಚಾಕುವನ್ನು ನೋಡಿದಳು. ಬಗ್ಗಲಿಲ್ಲ.

ತ್ರ್ಯಂಬಕ ಮರಕ್ಕೆ ಒರಗಿ ಕೂತುಬಿಟ್ಟ. "ಅಪೂರ್ವಾ, ಅವತ್ತು ಅಜ್ಜ ಚಾಕು ನೆಲಕ್ಕಿಟ್ಟು ತಗೊ ಅಂದಾಗ ನೀನೂ ಕೋಣೇಲಿದ್ದೆ. ಗಂಜಿ ತಂದಿದ್ದೆ. ಅವರು ನೋಡಿದ್ದು ನಿನ್ನ ಕಡೆಗೆ. ನಂಗೆ ಕಂಡಿತ್ತು. ಕಂಡ್ರೂ ನಾನು ಬಗ್ಗಿ ಎತ್ಕೊಂಡೆ. ಇಷ್ಟು ವರ್ಷ ಅವರ ಹಿಂದೆ ತಿರುಗಿದವನು ನಾನಲ್ವಾ ಅಂತ ಅನ್ನಿಸ್ತು."

"ನಂಗೂ ಗೊತ್ತಿತ್ತು ಮಾವ" ಎಂದಳು ಅಪೂರ್ವಾ. "ನನ್ನ ಕೈಲಿ ಗಂಜಿ ಪಾತ್ರೆ ಇತ್ತು. ಅದನ್ನ ಇಟ್ಟು ಬಗ್ಗೂದ್ರೊಳಗೆ ನೀವು ಬಗ್ಗಿ ಆಗಿತ್ತು. ನಿಮ್ಮ ಮುಖ ನೋಡಿ ಎಂತ ಹೇಳೂಕೂ ಮನಸ್ಸಾಗ್ಲಿಲ್ಲ. ಅಷ್ಟು ಖುಷೀಲಿದ್ರಿ."

"ನಿಂಗೆ ಕಸಿ ಬರ್ತದನಾ?"

"ಅಜ್ಜ ನಂಗೆ ಕಲಿಸದೆ ಇರ್ತಾರಾ? ನೀವು ವಾರಕ್ಕೊಂದ್ಸಲ ಬರ್ತಿದ್ರಿ. ನಾನು ದಿನಾ ಜೊತೆಗಿದ್ದೆ."

ತ್ರ್ಯಂಬಕ ಎದ್ದ. ಚಾಕು ಎತ್ತಿಕೊಂಡು ಪಂಚೆಯ ತುದಿಯಿಂದ ಒರೆಸಿದ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಕೆಲಸವನ್ನು ನಿಧಾನವಾಗಿ, ಸರಿಯಾಗಿ ಮಾಡಿದ್ದನ್ನು ನಾನು ನೋಡಿದೆ. ಚಾಕುವನ್ನು ಅವಳ ಮುಂದೆ ನೆಲದ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದ.

"ತಗೊ" ಎಂದ.

ಅಪೂರ್ವಾ ಬಗ್ಗಿ ಎತ್ತಿಕೊಂಡಳು. ಜೀರುಂಡೆಗಳು ಒಟ್ಟಿಗೇ ಕೂಗತೊಡಗಿದವು. ಹಿಡಿ ಅವಳ ಕೈಯಲ್ಲಿ ಅಲ್ಲೇ ಬೆಳೆದ ಹಾಗೆ ಕೂತಿತ್ತು. ನಾಲ್ಕು ಬೆರಳು ನಾಲ್ಕು ಗುಳಿಯಲ್ಲಿ. ಐದನೆಯ ಗುಳಿಯ ಮೇಲೆ, ಅವಳ ಕಿರುಬೆರಳಿನ ಬುಡದಲ್ಲಿ, ಹಳೆಯ ಸಣ್ಣದೊಂದು ಗಾಯದ ಗುರುತು ಇತ್ತು.

"ಅಜ್ಜನ ಹಾಗೇ ನಂಗೂ ಒಂದು ಜಾಸ್ತಿ ಇತ್ತು" ಎಂದಳು. "ಶಾಲೆಗೆ ಸೇರ್ಸೂಕೆ ಮುಂಚೆ ಆಪರೇಷನ್ ಮಾಡಿ ತೆಗೆಸಿದ್ರು. ಈಗಲೂ ಎಂತ ಹಿಡಿದ್ರೂ ಅದಕ್ಕೊಂದು ಜಾಗ ಬಿಟ್ಟೇ ಹಿಡೀತೇನೆ. ಈ ಹಿಡೀಲಿ ಬಿಡೂದೇ ಬೇಡ, ಜಾಗ ಮೊದಲೇ ಇದೆ. ಯಾರು ಮಾಡಿದ್ದು ಮಾವ?"

ತ್ರ್ಯಂಬಕ ಸಸಿಗಳ ತೊಟ್ಟೆಗಳನ್ನು ತಂದು ಅವಳ ಮುಂದಿಟ್ಟ.

ಅವಳು ಒಂದೊಂದೇ ಕಡ್ಡಿ ಕತ್ತರಿಸಿ, ಬುಡವನ್ನು ಎರಡೂ ಕಡೆ ಓರೆಯಾಗಿ ಕೆತ್ತಿ, ಸಸಿಯ ಸೀಳಿನಲ್ಲಿ ಕೂರಿಸುತ್ತ ಹೋದಳು. ತ್ರ್ಯಂಬಕ ಪ್ಲಾಸ್ಟಿಕ್ ಪಟ್ಟಿ ಸುತ್ತಿ, ತೇವ ಆರದ ಹಾಗೆ ಮೇಲೆ ಐಸ್‌ಕ್ಯಾಂಡಿ ಕವರು ಹಾಕಿ ಕಟ್ಟಿದ. ಕಟ್ಟುವುದರಲ್ಲಿ ಅವನು ಗಟ್ಟಿಗ. ಅದನ್ನೂ ಅವತ್ತೇ ನಾನು ಕಂಡದ್ದು. ಸೋಮವಾರ ಮರ ಬಿತ್ತು. ಇಬ್ಬರೂ ದೂರ ನಿಂತು ನೋಡಿದರಂತೆ, ಅತ್ತರಂತೆ. ಕೆಲವು ವಾರ ಕಳೆದ ಮೇಲೆ ಕವರುಗಳ ಒಳಗೆ ತಾಮ್ರದ ಬಣ್ಣದ ಚಿಗುರು ಬಂತು. ಒಂದೂ ಸಾಯಲಿಲ್ಲ.

ಈಗ ಹರಿಹರಪುರದ ನರ್ಸರಿಗೆ ಅಪೂರ್ವಾ ಭಾನುವಾರ ಬರುತ್ತಾಳೆ. ಅವಳು ಕೆತ್ತುತ್ತಾಳೆ, ತ್ರ್ಯಂಬಕ ಕಟ್ಟುತ್ತಾನೆ. ತ್ರಿಪುರಸುಂದರಿಯ ಸೌಟಿನ ತಂಟೆಗೆ ಅವನು ಹೋಗುವುದಿಲ್ಲ. ಚಾಕು ಕಪಾಟಿನ ಮೇಲೆ ಇಟ್ಟಲ್ಲೇ ಇರುತ್ತದೆ. ಹಿಡಿ ಮೊದಲಿನಷ್ಟೇ ಗುಂಡಗಿದೆ, ಆದರೂ ಉರುಳುವುದಿಲ್ಲ. ಇದಕ್ಕೂ ವೈಜ್ಞಾನಿಕ ಕಾರಣ ಇರಬೇಕು, ನಾನು ಹುಡುಕುತ್ತಿದ್ದೇನೆ.

ಹುಡುಕಲು ಸ್ವಲ್ಪ ತಡವಾಗಿದೆ. ಮೊನ್ನೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ, ಮೇಜಿನ ಮೇಲೆ ಭಾರಕ್ಕಿಟ್ಟಿದ್ದ ಆ ಮಣ್ಣಿನ ಉಂಡೆ ನನ್ನ ಕುರ್ಚಿಯ ಮುಂದೆ ನೆಲದ ಮೇಲಿತ್ತು. ಒಡೆದಿರಲಿಲ್ಲ, ನೆಟ್ಟಗೆ ಕೂತಿತ್ತು. ಫ್ಯಾನ್ ಗಾಳಿಗೆ ಬಿದ್ದಿರಬೇಕು. ರಾತ್ರಿ ಫ್ಯಾನ್ ಆರಿಸಿಯೇ ಹೋಗಿದ್ದೆ, ಅದು ಬೇರೆ ಮಾತು. ಬಂದವರೆಲ್ಲ ಅದನ್ನು ದಾಟಿಕೊಂಡು ಬಂದು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಾರೆ. ಪುಟ್ಟಪ್ಪ ಚಾ ತಂದವನು ನೋಡಿ, "ಎತ್ತಿಡಿ ಸುದರ್ಶನಣ್ಣ, ಕಾಲಿಗೆ ಸಿಗ್ತದೆ" ಎಂದ. ಕೆಲಸ ಇದೆ, ಆಮೇಲೆ ನೋಡುವಾ ಎಂದಿದ್ದೇನೆ. ಐದನೆಯ ಗುಳಿಯಲ್ಲಿ ಸುಣ್ಣ ಇನ್ನೂ ಒಣಗಿಲ್ಲ.